ನರಸಿಂಹನಾದ ಗೋಲ್‌ಕೀಪರ್

ಈ ಸಲದ ನವರಾತ್ರಿಯಲ್ಲಿ ನಮ್ಮ ಮನೆಯಲ್ಲಿ ಕೆನಡಾದ ಗೋಲ್‌ಕೀಪರ್ ಒಬ್ಬನಿಗೆ ಮಂಗಳಾರತಿ ಆಯಿತು.

ತಮಾಷೆಗೆ ಹೇಳುತ್ತಿಲ್ಲ. ಅರಿಶಿನ, ಕುಂಕುಮ, ಅಕ್ಷತೆ, ಕೋಸಂಬರಿ ನೈವೇದ್ಯ, ಎಲ್ಲವೂ ಆಯಿತು. ಸಿಂಗಪುರದ ಟ್ಯಾಂಪಿನೀಸ್‌ನ ನಮ್ಮ ಬ್ಲಾಕಿನ ಹೆಂಗಸರೆಲ್ಲ ನಿಂತು ಹಾಡಿದರು. ಗೋಲ್‌ಕೀಪರ್ ಮಾತ್ರ ತನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ಮೊಣಕಾಲು ಬಗ್ಗಿಸಿಕೊಂಡು ಚೆಂಡಿಗಾಗಿ ಕಾಯುತ್ತಿದ್ದ. (ಚೆಂಡು ಅಂದರೆ ನನ್ನ ಗಂಡನಿಗೆ ಸಿಟ್ಟು. ಅದು ಕಪ್ಪು ಬಿಲ್ಲೆಯಂತೆ, ಅದಕ್ಕೆ ಬೇರೆಯೇ ಹೆಸರಂತೆ.)

ಗಂಡನ ಹೆಸರು ಮುರಳಿ. ಮೈಸೂರಿನವನು, ಚಾಂಗಿಯ ಆಫೀಸಿನಲ್ಲಿ ಕೆಲಸ, ತನ್ನ ಪಾಡಿಗೆ ತಾನಿರುವ ಮನುಷ್ಯ. ಹಿಂದೊಮ್ಮೆ ಆಫೀಸಿನವರು ಇವನನ್ನು ಚಳಿಗಾಲದಲ್ಲಿ ಟೊರಾಂಟೋಗೆ ಕಳಿಸಿದರು. ಅಲ್ಲಿನ ಸಹೋದ್ಯೋಗಿಯೊಬ್ಬ ಬೀಳ್ಕೊಡುವಾಗ ಪುಟ್ಟ ಪ್ಯಾಕೆಟ್ ಒಂದನ್ನು ಕೈಗಿತ್ತ. ಒಳಗೆ ಐಸ್ ಹಾಕಿ ಆಟಗಾರರ ಚಿತ್ರವಿರುವ ಕಾರ್ಡುಗಳು. ಬೇರೆ ಯಾರಾದರೂ ಆಗಿದ್ದರೆ ಥ್ಯಾಂಕ್ಸ್ ಹೇಳಿ ಸೂಟ್‌ಕೇಸಿನ ತಳಕ್ಕೆ ಹಾಕುತ್ತಿದ್ದರು. ಇವನು ವಿಮಾನದಲ್ಲಿ ಪ್ಯಾಕೆಟ್ಟಿನ ಹಿಂಭಾಗ ಓದಿದ. ಈ ಸೆಟ್‌ನಲ್ಲಿ ಇನ್ನೂ ಬೇಕಾದಷ್ಟು ಕಾರ್ಡುಗಳಿವೆ ಎಂದು ಅಲ್ಲಿ ಬರೆದಿತ್ತು. ಮುಗಿಯಿತಲ್ಲ ಕಥೆ?

ಮುರಳಿ ಹುಟ್ಟಿದಾಗಿನಿಂದ ಹಾಕಿ ಸ್ಟಿಕ್ ಹಿಡಿದವನಲ್ಲ. ಐಸ್ ಮೇಲೆ ಕಾಲಿಟ್ಟವನಲ್ಲ. ವರ್ಷವಿಡೀ ಬೆವರು ಒರೆಸಿಕೊಳ್ಳುವ ಈ ಊರಿನಲ್ಲಿ ಐಸ್ ಅಂದರೆ ಹಾಕರ್ ಸೆಂಟರಿನ ತಿಂಡಿ ಅಂಗಡಿಗಳಲ್ಲಿ ಕಬ್ಬಿನಹಾಲಿಗೆ ಹಾಕಿಕೊಡುತ್ತಾರಲ್ಲ, ಅದು. ಆದರೂ ಕಾರ್ಡ್ ಮುಟ್ಟುವ ಮುಂಚೆ ಕೈ ತೊಳೆಯುತ್ತಾನೆ, ಒರೆಸಿಕೊಳ್ಳುತ್ತಾನೆ, ಅಂಚು ಮಾತ್ರ ಹಿಡಿಯುತ್ತಾನೆ, ಪ್ಲಾಸ್ಟಿಕ್ ಕವರಿಗೆ ಇಳಿಸುವಾಗ ಉಸಿರು ಬಿಗಿಹಿಡಿಯುತ್ತಾನೆ. (ದೇವರ ಮನೆಯಲ್ಲೂ ಇಷ್ಟು ಮಡಿ ಇಲ್ಲ ನಮ್ಮಲ್ಲಿ.)

ಇಂಥ ಮನೆಗೆ ಮೈಸೂರಿನಿಂದ ನಮ್ಮ ಅತ್ತೆ ಬಂದರು. ಮಗ ಉತ್ಸಾಹದಿಂದ ಆಲ್ಬಮ್ ತೋರಿಸಿದ. ಅವರು ಕನ್ನಡಕ ಹಾಕಿಕೊಂಡು ಎಲ್ಲ ಪುಟ ತಿರುವಿ, "ಹಾಕಿ ಅಂತೀಯ, ಕೊಡಗಿನೋರು ಒಬ್ರೂ ಕಾಣಿಸ್ತಿಲ್ವಲ್ಲೋ" ಅಂದರು. ಇವನು ಆಲ್ಬಮ್ ಮುಚ್ಚಿಟ್ಟ.

ನವರಾತ್ರಿ ಬಂತು. ಗೊಂಬೆ ಕೂರಿಸಲೇಬೇಕು ಎಂದು ಅತ್ತೆ ಹಟ ಹಿಡಿದರು. ಆದರೆ ಗೊಂಬೆಗಳೆಲ್ಲ ಮೈಸೂರಿನ ಅಟ್ಟದಲ್ಲಿ. ಲಗೇಜಿನ ತೂಕದ ಭಯಕ್ಕೆ ಪಟ್ಟದ ರಾಜ ರಾಣಿಯನ್ನು ಮಾತ್ರ ಸೀರೆಯಲ್ಲಿ ಸುತ್ತಿ ತಂದಿದ್ದರು. ರಟ್ಟಿನ ಡಬ್ಬಿಗಳನ್ನು ಜೋಡಿಸಿ, ಪಂಚೆ ಹಾಸಿ, ಮೆಟ್ಟಿಲೇನೋ ಕಟ್ಟಿದೆವು. ಮೇಲೆ ರಾಜ ರಾಣಿ. ಕೆಳಗೆ ಎಲ್ಲ ಖಾಲಿ, ಮಧ್ಯಾಹ್ನದ ಚಿತ್ರಮಂದಿರದ ಹಾಗೆ.

ಮಾರನೇ ದಿನ ನಾವಿಬ್ಬರೂ ಆಫೀಸಿಗೆ ಹೋದೆವು. ಮೆಟ್ಟಿಲು ತುಂಬಿಸುವ ಜವಾಬ್ದಾರಿ ಅತ್ತೆಯದು.

ಸಂಜೆ ನಾನು ಮನೆಗೆ ಬರುವ ಹೊತ್ತಿಗೆ ಆರತಿ ಶುರುವಾಗಿತ್ತು. ಬ್ಯಾಗ್ ಕೆಳಗಿಟ್ಟು, ಕೈಕಾಲು ತೊಳೆದು ಬಂದು ನಾನೂ ಹಾಡಿಗೆ ದನಿ ಸೇರಿಸಿದೆ. ಆಮೇಲೆ ಮೆಟ್ಟಿಲು ನೋಡಿದೆ. ಸ್ಟೀಲ್ ಲೋಟ, ಕಡಲೆಬೇಳೆ ತುಂಬಿದ ಬಟ್ಟಲು, ನನ್ನ ಪೇಪರ್‌ವೇಯ್ಟ್. ಇವೆಲ್ಲದರ ನಡುವೆ, ಬೆಲ್ಲದ ಅಚ್ಚಿಗೆ ಒರಗಿ, ಪ್ಲಾಸ್ಟಿಕ್ ಕವರಿನಿಂದ ಬಿಡುಗಡೆ ಪಡೆದು, ಹಣೆಗೆ ಒದ್ದೆ ಕುಂಕುಮ ಇಟ್ಟುಕೊಂಡು ನಿಂತಿದ್ದ ಮುರಳಿಯ ಗೋಲ್‌ಕೀಪರ್. ಗಂಡನ ಸೆಟ್ ಪೂರ್ತಿ ಮಾಡಿದ್ದ ಕಟ್ಟಕಡೆಯ ಕಾರ್ಡ್. ಅದು ಟಪಾಲಿನಲ್ಲಿ ಬಂದ ದಿನ ನಮಗೆಲ್ಲ ಹೊರಗೆ ಊಟ ಕೊಡಿಸಿದ್ದ.

ತಕ್ಷಣ ಎತ್ತಿಬಿಡೋಣ ಅನ್ನಿಸಿತು. ಆದರೆ ಹಾಡು ಅರ್ಧದಲ್ಲಿತ್ತು. ನೀವಾದರೆ ಏನು ಮಾಡುತ್ತಿದ್ದಿರಿ? ನಾನು ಹಾಡಿದೆ.

ಎಲ್ಲರೂ ಹೋದಮೇಲೆ ಮೆಲ್ಲಗೆ ಕೇಳಿದೆ. "ಅತ್ತೆ, ಇದನ್ನ ಯಾಕೆ ಇಟ್ರಿ?"

"ನರಸಿಂಹ ಕಣೇ. ಮನೆದೇವರು. ಮುರಳಿ ಪುಸ್ತಕದಲ್ಲಿ ಆ ಆಟದೋರ ಮಧ್ಯೆ ಸಿಕ್ತು" ಎಂದರು.

ಹತ್ತಿರ ಹೋಗಿ ನೋಡಿದೆ. ಐಸ್ ಹಾಕಿಯ ಗೋಲ್‌ಕೀಪರುಗಳು ಮುಖ ಕಾಣದ ಹಾಗೆ ಹೆಲ್ಮೆಟ್ ಹಾಕುತ್ತಾರೆ. ಅದರ ಮೇಲೆ ಇಷ್ಟಬಂದ ಚಿತ್ರ ಬಿಡಿಸಿಕೊಳ್ಳುತ್ತಾರೆ. ಈ ಪುಣ್ಯಾತ್ಮ ಬಿಡಿಸಿಕೊಂಡಿದ್ದದ್ದು ಬಾಯಿ ತೆರೆದ ಸಿಂಹವನ್ನು.

"ಮೊಣಕಾಲಿಗೆ ಪಟ್ಟಿ ಬೇರೆ ಇದೆ ನೋಡು, ನಮ್ಮ ಮೇಲುಕೋಟೆ ಯೋಗನರಸಿಂಹನಿಗೆ ಇರೋ ಹಾಗೇ" ಎಂದು ಅತ್ತೆ ಕೈ ಮುಗಿದರು. ನಾನೂ ಮುಗಿದೆ. ಏನು ಮಾಡಲಿ, ಹೋಲಿಕೆ ಇತ್ತು.

ಮುರಳಿ ಬಂದ. ನೋಡಿದ. ಕೂಗಾಡಲಿಲ್ಲ. ಹಾಗೇ ನೆಲದ ಮೇಲೆ ಕೂತ.

"ಅಮ್ಮ, ಅದು ನರಸಿಂಹ ಅಲ್ಲ. ಗೋಲ್‌ಕೀಪರ್."

"ಅಂದ್ರೆ?"

"ಗೋಲ್ ಕಾಯೋನು."

"ಕಾಯೋನೇ ತಾನೇ ದೇವರು?"

ಅವನು ಎದ್ದ. ಹತ್ತಿಯಲ್ಲಿ ಕನ್ನಡಕ ಒರೆಸುವ ಲಿಕ್ವಿಡ್ ಅದ್ದಿ ಕುಂಕುಮ ತೆಗೆಯಲು ಹೋದ. ಕುಂಕುಮ ಹೋಗಲಿಲ್ಲ, ಹರಡಿತು. ಹಣೆಯಲ್ಲಿದ್ದದ್ದು ಗಲ್ಲಕ್ಕೆ ಬಂತು. ಶಾಂತನಾಗಿದ್ದ ಯೋಗನರಸಿಂಹ ನಮ್ಮ ಕಣ್ಣೆದುರೇ ಉಗ್ರನರಸಿಂಹನಾದ. ಮುರಳಿ ಅಂದು ಸರಿಯಾಗಿ ಊಟ ಮಾಡಲಿಲ್ಲ. ಅತ್ತೆಯೂ ಮಾಡಲಿಲ್ಲ. "ಮಗ ಆಸೆಯಿಂದ ಇಟ್ಕೊಂಡಿದ್ದನ್ನ ಹಾಳು ಮಾಡಿಬಿಟ್ನಲ್ಲೇ" ಎಂದು ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡರು. ನಗಬೇಕೋ ಅಳಬೇಕೋ ತಿಳಿಯದೆ ನಾನು ಎಲ್ಲರ ಪಾಲಿನ ಕೋಸಂಬರಿಯನ್ನೂ ತಿಂದೆ.

ಕಾರ್ಡ್ ಸಂಗ್ರಹಿಸುವವರ ಆನ್‌ಲೈನ್ ಗುಂಪಿನಲ್ಲಿ ಮುರಳಿ ವಿಚಾರಿಸಿದ. ಆಶ್ಚರ್ಯವೆಂದರೆ ಸಿಂಗಪುರದಲ್ಲೇ ಒಬ್ಬರ ಬಳಿ ಅದೇ ಕಾರ್ಡ್ ಇತ್ತು. ಮಾರುವುದಿಲ್ಲ, ಬೇರೆ ಕಾರ್ಡ್ ಕೊಟ್ಟರೆ ಬದಲಾಯಿಸಿಕೊಳ್ಳಬಹುದು, ಶನಿವಾರ ಜುರಾಂಗ್ ಈಸ್ಟ್‌ನ ಐಸ್ ರಿಂಕ್‌ಗೆ ಬನ್ನಿ ಎಂದು ಉತ್ತರ ಬಂತು. ಹೆಸರಿನ ಜಾಗದಲ್ಲಿ ಬೆಕ್ಕಿನ ಚಿತ್ರ.

"ಯಾರೋ ಹಳೇ ಕಲೆಕ್ಟರ್ ಇರಬೇಕು, ತುಂಬಾ ಸ್ಟ್ರಿಕ್ಟು" ಎಂದ ಮುರಳಿ ಗೌರವದಿಂದ.

"ತಪ್ಪು ಮಾಡಿದೋಳು ನಾನು. ನಾನೂ ಬರ್ತೀನಿ" ಎಂದು ಅತ್ತೆಯೂ ಹೊರಟರು. ಐಸ್ ಎಂದಿದ್ದಕ್ಕೆ ಸ್ವೆಟರ್, ಶಾಲು, ಮಫ್ಲರ್ ಎಲ್ಲವನ್ನೂ ಮನೆಯಿಂದಲೇ ಹಾಕಿಕೊಂಡು. ಟ್ಯಾಂಪಿನೀಸ್‌ನಿಂದ ಜುರಾಂಗ್ ಈಸ್ಟ್ ಅಂದರೆ ದ್ವೀಪದ ಈ ತುದಿಯಿಂದ ಹೆಚ್ಚುಕಡಿಮೆ ಆ ತುದಿಗೆ. ಹೊರಗೆ ಬೆಂಕಿಯಂಥ ಬಿಸಿಲು. ಎಂಆರ್‌ಟಿ ರೈಲಿನಲ್ಲಿ ನಮ್ಮ ಸುತ್ತ ಜನ ಸ್ವಲ್ಪ ದೂರವೇ ನಿಂತರು.

ನಾಲ್ಕು ಗೋಡೆಯೊಳಗೆ ಐಸ್ ಹಾಸಿದ್ದ ಆ ರಿಂಕ್‌ನಲ್ಲಿ ನಮಗಾಗಿ ಕಾಯುತ್ತಿದ್ದ ಹಳೇ ಕಲೆಕ್ಟರಿಗೆ ಬಹುಶಃ ಹನ್ನೊಂದು ವರ್ಷ. ಹೆಸರು ಹುಯಿ ಮಿನ್. ಮಕ್ಕಳ ಟೀಮಿನ ಗೋಲ್‌ಕೀಪರ್. ಕಾಲಿಗೆ ಕಟ್ಟಿದ ಪ್ಯಾಡ್‌ಗಳು ಅವಳ ಅರ್ಧ ಎತ್ತರ. ಪಕ್ಕದ ಬೆಂಚಿನಲ್ಲಿ ಅವಳ ಅಜ್ಜಿ ಫ್ಲಾಸ್ಕ್ ಅಪ್ಪಿಕೊಂಡು ತೂಕಡಿಸುತ್ತಿದ್ದರು.

ಮುರಳಿ ಆಲ್ಬಮ್ ತೆರೆದ. ಹುಯಿ ಮಿನ್ ಪುಟ ತಿರುವಿದಳು. ಇಂಟರ್‌ವ್ಯೂನಲ್ಲಿ ಕೂತ ಹಾಗೆ ಕೂತಿದ್ದ ನನ್ನ ಗಂಡ.

"ದಿಸ್ ವನ್ ಐ ಹ್ಯಾವ್. ದಿಸ್ ವನ್ ಆಲ್ಸೋ ಹ್ಯಾವ್. ದಿಸ್ ವನ್ ನೋಬಡಿ ವಾಂಟ್, ಅಂಕಲ್."

"ಬೇಕಾದರೆ ಎರಡು ತಗೋ" ಎಂದು ಇವನು ಇಂಗ್ಲಿಷಿನಲ್ಲಿ ಅಂಗಲಾಚಿದ.

"ಕೆನಾಟ್ ಲಾ, ಅಂಕಲ್."

ಆಲ್ಬಮ್ ಮುಗಿಯಿತು. ಮುರಳಿಯ ಮುಖ ಚಿಕ್ಕದಾಯಿತು. ಆಗ ಅತ್ತೆ ಪರ್ಸ್ ತೆರೆದು ಕರ್ಚೀಫಿನ ಗಂಟು ಬಿಚ್ಚಿದರು. ಒಳಗೆ ಕೆಂಪಾಗಿದ್ದ ಕಾರ್ಡ್. ಪೂಜೆಯಾದ ದೇವರನ್ನು ಕಸಕ್ಕೆ ಹಾಕಬಾರದು, ನೀರಿಗೆ ಬಿಟ್ಟರೆ ಈ ಊರಿನಲ್ಲಿ ದಂಡ ಹಾಕುತ್ತಾರೆ, ಹಾಗಾಗಿ ಜೊತೆಯಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದರಂತೆ. "ಮಗೂ, ನನ್ನಿಂದ ಹಿಂಗಾಯ್ತು ನೋಡು. ಐ ಮಿಸ್ಟೇಕ್. ಮೈ ಸನ್ ವೆರಿ ಸ್ಯಾಡ್" ಎಂದರು.

ಹುಯಿ ಮಿನ್ ಕಾರ್ಡನ್ನೇ ನೋಡಿದಳು. ಈ ಕೆಂಪು ಏನು ಎಂದು ಕೇಳಿದಳು.

ಅತ್ತೆಗೆ ಅಷ್ಟು ಸಾಕಿತ್ತು. ಶಾಲು ಸರಿಮಾಡಿಕೊಂಡು ಶುರು ಮಾಡಿದರು. "ಗಾಡ್. ಫೇಸ್ ಲಯನ್, ಬಾಡಿ ಮ್ಯಾನ್. ವನ್ ಬ್ಯಾಡ್ ಕಿಂಗ್ ಇದ್ದ. ಕಿಲ್ ಮಾಡೋಕೆ ಆಗಲ್ಲ. ಇನ್‌ಸೈಡ್ ನೋ, ಔಟ್‌ಸೈಡ್ ನೋ. ಸೋ ಗಾಡ್ ವಾಟ್ ಡೂಯಿಂಗ್?" ರಿಂಕ್‌ನ ಕಡೆ ತಿರುಗಿ, ಗೋಲಿನ ಮುಂದಿದ್ದ ಕೆಂಪು ಗೆರೆಯನ್ನು ತೋರಿಸಿದರು. "ದೇರ್. ಹೊಸ್ತಿಲು. ಹೊಸ್ತಿಲ ಮೇಲೇ ಕೂತ್ಕೊಂಡು..." ಎಂದು ತಮ್ಮ ತೊಡೆಯ ಮೇಲೆ ಹಿರಣ್ಯಕಶಿಪುವನ್ನು ಮಲಗಿಸಿ ಹೊಟ್ಟೆ ಬಗೆದರು. ಮಫ್ಲರ್ ಜಾರಿ ಕರುಳಿನ ಹಾಗೆ ನೇತಾಡಿತು. ಹುಯಿ ಮಿನ್‌ಳ ಅಜ್ಜಿಗೆ ಎಚ್ಚರವಾಯಿತು.

ಹುಡುಗಿ ಕಣ್ಣು ಮಿಟುಕಿಸಲಿಲ್ಲ. ಗೆರೆ ದಾಟಲು ಬಿಡಲಿಲ್ಲವಾ ಎಂದು ಕೇಳಿದಳು.

"ನೋ ಕ್ರಾಸಿಂಗ್" ಎಂದರು ಅತ್ತೆ.

"ಐ ವಾಂಟ್ ದಿಸ್ ವನ್, ಆಂಟಿ."

ಮುರಳಿ ಪ್ರಾಮಾಣಿಕ ಮನುಷ್ಯ. ಇದು ಹಾಳಾಗಿರುವ ಕಾರ್ಡ್, ಮಗು ಮೋಸಹೋಗಬಾರದು ಎಂದು ಬಿಡಿಸಿ ಹೇಳಿದ. ಅವಳು ಕನಿಕರದಿಂದ ಇವನನ್ನು ನೋಡಿದಳು. "ಅಂಕಲ್, ನಿಮ್ಮದು, ನನ್ನದು ಎಲ್ಲ ಕಾರ್ಡೂ ಎಷ್ಟೋ ಜನರ ಹತ್ತಿರ ಇರತ್ತೆ. ಇದು ಪ್ರಪಂಚದಲ್ಲಿ ಒಂದೇ" ಎಂಬರ್ಥದ ಮಾತನ್ನು ಅವಳ ಇಂಗ್ಲಿಷಿನಲ್ಲಿ ಹೇಳಿ, ಕೊನೆಯಲ್ಲಿ ಈ ಊರಿನವರ ಮಾತಿಗೆಲ್ಲ ಅಂಟಿಕೊಳ್ಳುವ ಒಂದು 'ಲಾ' ಸೇರಿಸಿದಳು. ತನ್ನ ಹೊಸ ಕಾರ್ಡನ್ನು ಇವನ ಕೈಗಿಟ್ಟು, ನರಸಿಂಹನನ್ನು ಎದೆಯ ಪ್ಯಾಡಿನೊಳಗೆ ಸಿಕ್ಕಿಸಿಕೊಂಡು ಐಸ್‌ಗೆ ಇಳಿದಳು.

ಅಂದು ಅವಳ ಟೀಮಿನ ಪಂದ್ಯವಿತ್ತು, ನೋಡಿಯೇ ಹೊರಟೆವು. ಅತ್ತೆ ಕಟ್ಟೆಗೆ ಒರಗಿ ನಿಂತು ಕೂಗಿದ್ದೇ ಕೂಗಿದ್ದು, "ಬಿಡಬೇಡ ಕಣೇ, ಬಿಡಬೇಡ" ಎಂದು. ಪಾಪ, ಗೋಲುಗಳು ಒಂದರ ಹಿಂದೊಂದು ಹೋದವು. ಟೀಮ್ ಸೋತಿತು. ಅತ್ತೆಗೆ ಮುಜುಗರ. ಹುಯಿ ಮಿನ್ ಮಾತ್ರ ಕೆಂಪಾದ ಕೆನ್ನೆ ಒರೆಸಿಕೊಳ್ಳುತ್ತಾ ಬಂದು, ಎದೆಯಲ್ಲಿ ಅವನಿಲ್ಲದಿದ್ದರೆ ಇನ್ನೂ ಜಾಸ್ತಿ ಹೋಗುತ್ತಿತ್ತು ಆಂಟಿ ಎಂದು ಸಮಾಧಾನ ಹೇಳಿದಳು. ಅತ್ತೆ ಅವಳ ತಲೆ ಸವರಿದರು. ಇದಕ್ಕಿಂತ ಗಟ್ಟಿ ಭಕ್ತಿ ನಾನು ನೋಡಿಲ್ಲ.

ವಾಪಸ್ ರೈಲಿನಲ್ಲಿ ಅತ್ತೆ ನಿಶ್ಚಿಂತೆಯಿಂದ ನಿದ್ದೆ ಹೋದರು. ಮುರಳಿ ಹೊಸ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದ. ಒಂದು ಗೆರೆ ಇಲ್ಲ, ಒಂದು ಚುಕ್ಕೆ ಇಲ್ಲ. ಅಂಚುಗಳು ಬ್ಲೇಡಿನ ಹಾಗೆ.

"ಚೆನ್ನಾಗಿದೆ ಅಲ್ವಾ?" ಎಂದೆ.

"ಹ್ಞೂಂ" ಅಂದ. ಕಿಟಕಿಯ ಹೊರಗೆ ಬ್ಲಾಕುಗಳು ಓಡುತ್ತಿದ್ದವು. ಎರಡು ಸ್ಟೇಷನ್ ದಾಟಿದ ಮೇಲೆ, "ಆದ್ರೆ ಇದು ಎಲ್ಲರ ಹತ್ರಾನೂ ಇರತ್ತೆ, ಗೊತ್ತಾ" ಅಂದ.

ಬಯಸಿ ಬಯಸಿ ಪಡೆದದ್ದು ಸಪ್ಪೆಯಾಗಲು ನಿಮಗಾದರೆ ಎಷ್ಟು ಸ್ಟೇಷನ್ ಬೇಕು?