ಹಡಗಿನಲ್ಲಿ ಹೋದ ಹಾಲು

ಗುಡ್ನಿ ಹೆರಿಂಗ್ ಮೀನು ಸೀಳುವವಳು. ಕಿವಿರಿನ ಹತ್ತಿರ ಚೂರಿ ಇಟ್ಟು ಒಂದೇ ಎಳೆತಕ್ಕೆ ಕರುಳು ತೆಗೆದು ಬುಟ್ಟಿಗೆ ಎಸೆಯುತ್ತಿದ್ದಳು, ಪಕ್ಕದವಳೊಡನೆ ಹರಟುತ್ತಲೇ. ನಾರ್ವೆಯ ಪಡುವಣ ಕಡಲಿನ ಆ ದ್ವೀಪದಲ್ಲಿ ಹೆಂಗಸರಿಗೆಲ್ಲ ಅದೇ ಕೆಲಸ. ಎರಡನೆಯ ಮಹಾಯುದ್ಧ ಮುಗಿದು ಕೆಲವು ವರ್ಷಕ್ಕೆ ಅವಳಿಗೆ ಚೊಚ್ಚಲ ಗಂಡುಮಗು ಹುಟ್ಟಿದಾಗ ಗಂಡ ಐವಿಂಡ್ ಐಸ್‌ಲ್ಯಾಂಡ್ ಕಡೆ ಮೀನಿಗೆ ಹೋಗಿದ್ದ.

ಮಗು ಕುಡಿದದ್ದನ್ನೆಲ್ಲ ಕಕ್ಕಿತು. ಮಾರನೆಯ ದಿನ ಕಕ್ಕಿದ್ದು ಪಾಚಿಯ ಹಾಗೆ ಹಸಿರಾಗಿತ್ತು. ಅದನ್ನು ನೋಡಿದ ಸೂಲಗಿತ್ತಿ, ಜ್ಞಾನಸ್ನಾನವಿಲ್ಲದೆ ಮಗು ಸಾಯಬಾರದೆಂದು, ಪಾದ್ರಿಗೆ ಕಾಯಲಿಲ್ಲ. ಅಡಿಗೆಮನೆಯ ಬಟ್ಟಲಲ್ಲೇ ನೀರು ತಂದು ಮಗುವಿನ ತಲೆಗೆ ಹಾಕಿ ಆಸ್ಮುಂಡ್ ಎಂದು ಹೆಸರಿಟ್ಟು, ಪಟ್ಟಣಕ್ಕೆ ಹೊರಟ ಹಡಗಿನಲ್ಲಿ ಅವನನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋದಳು.

ಬಾಣಂತಿ ಎದ್ದು ಓಡಾಡುವ ಹಾಗಾಗಿ ಪಟ್ಟಣಕ್ಕೆ ಹೋದಾಗ ಆಪರೇಷನ್ ಮುಗಿದಿತ್ತು.

"ನೋಡಮ್ಮ, ಹುಟ್ಟುವಾಗಲೇ ಸಣ್ಣ ಕರುಳು ಅಲ್ಲಲ್ಲಿ ಮುಚ್ಚಿಕೊಂಡಿತ್ತು, ತಿರುಚಿಕೊಂಡೂ ಇತ್ತು" ಎಂದರು ಡಾಕ್ಟರು. "ಸತ್ತದ್ದನ್ನ ಕತ್ತರಿಸಿ, ಉಳಿದ ತುದಿಗಳನ್ನ ಸೇರಿಸಿ ಹೊಲಿದಿದ್ದೀವಿ."

"ಎಷ್ಟು ಉಳೀತು?"

ಡಾಕ್ಟರು ಬೆರಳು ಚಾಚಿ ತೋರಿಸಿದರು. ಒಂದು ಗೇಣು. "ಹೊಲಿಗೆ ಕೂಡಿ ದಾರಿ ಬಿಟ್ಟರೆ ಹಾಲು ಕೊಡೋಣ. ಅಲ್ಲೀವರೆಗೆ ಕಾಲಿನ ನರಕ್ಕೆ ನಳಿಗೆಯಲ್ಲಿ ಬಿಡೋ ಸಕ್ಕರೆ ನೀರೇ ಗತಿ."

ಹೆತ್ತವರನ್ನು ವಾರ್ಡಿನೊಳಗೆ ಬಿಡುತ್ತಿರಲಿಲ್ಲ. ಭಾನುವಾರ ಗಾಜಿನಾಚೆಯಿಂದ ನೋಡಬೇಕು, ಅಷ್ಟೆ. ಗುಡ್ನಿ ದ್ವೀಪಕ್ಕೆ ಮರಳಿದಳು. ಆದರೆ ಹಾಲು ಬತ್ತಬಾರದು. ಡಾಕ್ಟರು ಯಾವತ್ತು ಕುಡಿಸೆಂದರೂ ಸಿದ್ಧವಿರಲೆಂದು ದಿನವೂ ಹಿಂಡಿ ಬಾಟಲಿಗೆ ತುಂಬಿ, ಮೀನಿಗೆ ಹಾಕುವ ಮಂಜುಗಡ್ಡೆಯೊಡನೆ ಉಣ್ಣೆಯ ಕಾಲುಚೀಲದೊಳಗಿಟ್ಟು ಹಡಗಿಗೆ ಕೊಡುತ್ತಿದ್ದಳು.

"ನಿನ್ನ ಹಾಲು ದಿನಾ ಪಟ್ಟಣ ನೋಡೋಕೆ ಹೋಗ್ತದೆ. ನಾನು ಮುದುಕಿ ಆದ್ರೂ ಇನ್ನೂ ನೋಡಿಲ್ಲ" ಎಂದಳು ಅತ್ತೆ ರಾಗ್ನಾ.

ಹಡಗಿನ ಆಳು ಮಾನ್ಸ್ ಬಾಟಲಿಯನ್ನು ಎದೆಗವಚಿಕೊಳ್ಳುತ್ತಿದ್ದ. "ಕ್ಯಾಪ್ಟನ್ ಕಾಫಿಗೆ ಬೀಳದ ಹಂಗೆ ನೋಡ್ಕೊಳ್ತೀನಿ ಬಿಡು."

ಒಂದು ದಿನ ಅವನು ತೊಳೆದ ಬಾಟಲಿ ವಾಪಸು ಕೊಡುತ್ತ ಮುಖ ತಿರುಗಿಸಿದ.

"ಏನು ಮಾನ್ಸಣ್ಣ?"

"ಇದನ್ನ ನಿನ್ ಮಗೂಗೆ ಕೊಡ್ತಿಲ್ವಂತೆ ಗುಡ್ನಿ. ತಾಯಿಗೆ ಹಾಲಿಲ್ಲದ ಒಂದು ಹೆಣ್ಮಗು ಇದೆಯಂತೆ, ಅದಕ್ಕೆ."

ಮನೆಯಲ್ಲಿ ರಾಗ್ನಾ ಸಿಡುಕಿದಳು. "ನಿಲ್ಸು ಮತ್ತೆ. ಊರವರಿಗೆಲ್ಲ ಹಾಲು ಕೊಡೋಕೆ ನೀನೇನು ಹಸುವೇನೇ?"

"ನಿಲ್ಸಿದ್ರೆ ಬತ್ತುತ್ತೆ ಅತ್ತೆ. ಅವನು ಕುಡಿಯೋ ದಿನ ನಾನೇನು ಕೊಡ್ಲಿ?"

ಬಾಟಲಿಗಳು ಹೋಗುತ್ತಲೇ ಇದ್ದವು. ಚಳಿ ಶುರುವಾದ ಮೇಲೆ ಬಂದು ಹೋಗೆಂದು ಆಸ್ಪತ್ರೆಯಿಂದ ಹೇಳಿಕಳಿಸಿದರು. ಅಂದು ಭಾನುವಾರವಲ್ಲ. ಗಾಜಿಗೆ ಬೆರಳು ತಾಕಿಸಿದರೂ ಗದರುತ್ತಿದ್ದ ಹಿರಿಯ ನರ್ಸು ತಾನೇ ಬಾಗಿಲು ತೆರೆದು ಕುರ್ಚಿ ಹಾಕಿದಳು.

"ಕೂತ್ಕೊ. ಎಷ್ಟು ಹೊತ್ತು ಬೇಕಾದ್ರೂ ಇರು. ಹಾಲು ಕುಡಿಸಬಹುದು ಅಂದಿದ್ದಾರೆ ಡಾಕ್ಟ್ರು."

ಗುಡ್ನಿ ಕೋಟಿನ ಗುಂಡಿ ಬಿಚ್ಚುತ್ತ "ಹೊಲಿಗೆ ಕೂಡ್ತಾ?" ಎಂದಳು. ಆಗ ಕಂಡಿತು: ಮಗುವಿನ ಕಾಲಿನ ನಳಿಗೆಯನ್ನು ತೆಗೆದುಬಿಟ್ಟಿದ್ದರು.

"ಇಲ್ಲ ಕಣಮ್ಮ. ಇನ್ನು ನಮ್ಮ ಕೈಲಿ ಏನೂ ಇಲ್ಲ" ಎಂದು ನರ್ಸು ಪರದೆ ಎಳೆದಳು.

ಆಸ್ಮುಂಡ್ ಹಕ್ಕಿಮರಿಯಷ್ಟಾಗಿದ್ದ. ಆದರೂ ಮೊಲೆ ಹಿಡಿದ, ಚೆನ್ನಾಗಿಯೇ ಚೀಪಿದ. ಸ್ವಲ್ಪ ಹೊತ್ತಿಗೆಲ್ಲ ಹಸಿರಾಗಿ ಹೊರಗೆ ಬಂತು. ಅವಳು ಒರೆಸಿ ಮತ್ತೆ ಹಿಡಿದಳು. ಮತ್ತೆ ಬಂತು, ಮತ್ತೆ ಒರೆಸಿದಳು. ಮಾರನೆಯ ದಿನ ಮಧ್ಯಾಹ್ನ ಅವನು ಬಾಯಿ ತೆರೆಯಲಿಲ್ಲ.

ಹೊರಡುವಾಗ ನರ್ಸು ಮೆಲ್ಲಗೆ ಕೇಳಿದಳು, "ಆ ಹೆಣ್ಮಗು ನಿನ್ನ ಹಾಲಿಗೇ ಒಗ್ಗಿಕೊಂಡಿದೆ. ಇನ್ನೂ ಸ್ವಲ್ಪ ದಿನ ಕಳಿಸ್ತೀಯಾ?"

ಗುಡ್ನಿ ಅವಳ ಮುಖ ನೋಡಿ, ಕೋಟಿನ ಗುಂಡಿ ಹಾಕಿಕೊಂಡು ಹೊರಗೆ ನಡೆದಳು. ಹಾಲು ನಿಲ್ಲಲೆಂದು ಹಡಗಿನಲ್ಲಿ ಶಾಲು ಹರಿದು ಎದೆಗೆ ಬಿಗಿಯಾಗಿ ಕಟ್ಟಿಕೊಂಡಳು. ದ್ವೀಪ ಕಾಣುವ ಹೊತ್ತಿಗೆ ಕಟ್ಟು ನೆನೆದುಹೋಗಿತ್ತು.