ನಕ್ಷೆಯಿಂದ ಬಿಟ್ಟುಹೋದ ಮನೆಗೆ ಸೈಕಲ್ ದಾರಿ

ಭಾನುವಾರ, ಬೆಳಗಿನ ಐದೂವರೆ. ಕಲ್ಯಾಣ ಪಶ್ಚಿಮದ ಹಳೆಯ ಸೊಸೈಟಿಯೊಂದರ ಗೇಟಿನ ಪಕ್ಕ ರತ್ನಾವತಿ ಹತ್ತು ಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಒಂದೊಂದರ ಟೈರನ್ನೂ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಾರೆ. ನಾಲ್ಕನೆಯದಕ್ಕೆ ಬಂದಾಗ ಮುಖ ಗಂಟಿಕ್ಕುತ್ತದೆ. ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಕೂತು, ಟ್ಯೂಬು ಹೊರಗೆಳೆದು ಬಕೆಟ್ಟಿನ ನೀರಿನಲ್ಲಿ ಅದ್ದಿ, ಗುಳ್ಳೆ ಏಳುವ ಜಾಗಕ್ಕೆ ತೇಪೆ ಹಚ್ಚಿ, ಗಾಳಿ ತುಂಬಿ ಏಳುತ್ತಾರೆ. ನಾನು ಗಡಿಯಾರ ನೋಡಿದೆ. ಆರು ನಿಮಿಷ. ವಯಸ್ಸು ಅರವತ್ತೆರಡು.

ನಾವು ಒಂಬತ್ತು ಜನ ಸೇರಿದ್ದೇವೆ. ಐರೋಲಿಯ ಐಟಿ ಕಂಪನಿಯಿಂದ ಬಂದ ಕೌಶಲ್ ಎಂಬ ತರುಣನ ಮೈಮೇಲೆ ಹೆಲ್ಮೆಟ್ಟು, ಕೈಗವಸು, ಕಪ್ಪು ಕನ್ನಡಕ ಎಲ್ಲವೂ ಇವೆ. ಮನೆಮಾತು ಕನ್ನಡವಾದರೂ ಅವನು ಕೇಳುವುದು ಹಿಂದಿಯಲ್ಲಿ: "ಆಂಟಿ, ಸ್ಪೀಡ್ ಕಿತ್ನಾ ರಖನಾ ಹೈ?"

"ಪಕ್ಕದವರತ್ರ ಮಾತಾಡ್ಲಿಕ್ಕೆ ಆಗ್ಬೇಕು. ಅಷ್ಟೇ ಸ್ಪೀಡು. ಏದುಸಿರು ಬಂತಾ, ಜಾಸ್ತಿ ಆಯ್ತು ಅಂತ ಲೆಕ್ಕ," ಎನ್ನುತ್ತಾರೆ ರತ್ನಾವತಿ. ಕಾರ್ಕಳದ ಕಡೆಯ ಕನ್ನಡ. ಡೊಂಬಿವಲಿಗೆ ಮದುವೆಯಾಗಿ ಬಂದು ಮೂವತ್ತೊಂಬತ್ತು ವರ್ಷವಾದರೂ ನಾಲಿಗೆಯಿಂದ ಇಳಿದಿಲ್ಲ.

ಅಕ್ಟೋಬರಿನಿಂದ ಮೇ ತನಕ ಪ್ರತಿ ಭಾನುವಾರ ಇದೇ ಕೆಲಸ. ಇಪ್ಪತ್ತೆರಡು ಕಿಲೋಮೀಟರ್, ಐದು ಗಂಟೆ, ನಾಲ್ಕು ಊರು. ಹತ್ತು ವರ್ಷದಲ್ಲಿ ಇನ್ನೂರ ಎಂಬತ್ತಕ್ಕೂ ಹೆಚ್ಚು ಸವಾರಿ. ಜಾಹೀರಾತಿಲ್ಲ, ಬೋರ್ಡಿಲ್ಲ. ಒಬ್ಬರು ಇನ್ನೊಬ್ಬರಿಗೆ ಹೇಳಿ ಜನ ಬರುತ್ತಾರೆ. ನಾನು ಬಂದದ್ದೂ ಹಾಗೆಯೇ. ಹಳ್ಳಿ ಸುತ್ತಾಡಿಸುವ ಹೆಂಗಸೊಬ್ಬರ ಬಗ್ಗೆ ಒಂದು ಪುಟದ ಹಿತವಾದ ಬರಹ ಮಾಡಿಕೊಂಡು ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು ಎಂದುಕೊಂಡಿದ್ದೆ.

ಕೊನೆಯ ಬಹುಮಹಡಿ ಟವರು ಹಿಂದೆ ಬಿದ್ದ ಮೇಲೆ ದಾರಿ ಒಮ್ಮೆಲೇ ಚಪ್ಪಟೆಯಾಗುತ್ತದೆ. ಎರಡೂ ಕಡೆ ಕೊಯ್ಲು ಮುಗಿದ ಭತ್ತದ ಗದ್ದೆ, ಬದುವಿನ ಮೇಲೆ ಬೆಳ್ಳಕ್ಕಿ, ದೂರದಲ್ಲಿ ಗೂಡ್ಸ್ ರೈಲಿನ ಸದ್ದು. ಏರು ಎಂಬುದೇ ಇಲ್ಲ. ಮೊದಲ ಎರಡು ಊರುಗಳಲ್ಲಿ ಕಲ್ಲಿನ ಕೆರೆಕಟ್ಟೆ, ಹಳೆಯ ಗುಡಿ, ಪಾಳುಬಿದ್ದ ವಾಡೆಯ ಹೆಬ್ಬಾಗಿಲು ನೋಡುತ್ತೇವೆ. ವಾಡೆ ಎಂದರೆ ಹಿಂದಿನ ಕಾಲದ ವತನದಾರರ ದೊಡ್ಡ ಮನೆ. ಹತ್ತು ವರ್ಷದ ಹಿಂದೆ ಈ ದಾರಿಯಲ್ಲಿ ಐದು ವಾಡೆಗಳಿದ್ದವಂತೆ. ಈಗ ಮೂರು.

ಮೂರನೆಯ ಊರು ನಿಂಬಾರೆ. ಹಳ್ಳ ಎಡಕ್ಕೆ ತಿರುಗುವಲ್ಲಿ ರತ್ನಾವತಿ ಕೈಯೆತ್ತಿ ಎಲ್ಲರನ್ನೂ ಇಳಿಸುತ್ತಾರೆ. ಇಲ್ಲಿಂದ ಮುಂದೆ ಸೈಕಲ್ ತಳ್ಳಿಕೊಂಡೇ ಹೋಗಬೇಕು ಎಂಬುದು ಅವರ ನಿಯಮ. ಬಿದಿರುಮೆಳೆ ದಾಟಿದರೆ ಎದುರಿಗೆ ಎರಡು ಅಂತಸ್ತಿನ ವಾಡೆ. ಮೂವತ್ತೆರಡು ಸಾಗುವಾನಿ ಕಂಬ, ಮಧ್ಯೆ ತೆರೆದ ಅಂಗಳ, ಅರ್ಧ ಮಾಡಿಗೆ ಹೊಸ ಹೆಂಚು, ಅರ್ಧಕ್ಕೆ ಹಳೆಯದು. ಪಡಸಾಲೆಯಲ್ಲಿ ಎಂಬತ್ತು ದಾಟಿದ ಯಜಮಾನಿ ದ್ರೌಪದಿಬಾಯಿ ಪೋತ್ನೀಸ್ ಚಹಾ ಇಟ್ಟುಕೊಂಡು ಕಾಯುತ್ತಿದ್ದಾರೆ.

ಎಲ್ಲರ ಕೈಗೂ ಲೋಟ ಬಂದ ಮೇಲೆ ರತ್ನಾವತಿ ಅಂಗಳದ ಮಧ್ಯೆ ನಿಂತು, ಬಂದವರಿಗೆಲ್ಲ ಪ್ರತಿ ವಾರ ಹೇಳುವ ಮಾತನ್ನು ಹೇಳುತ್ತಾರೆ.

"ಈ ಮನೆಗೆ ಇನ್ನೂರು ವರ್ಷದ ಮೇಲಾಯ್ತು. ಮಧ್ಯದಲ್ಲಿ ಇಪ್ಪತ್ತೆರಡು ವರ್ಷ ಇದು ಇರ್ಲಿಲ್ಲ. ಇಲ್ಲದ ಹಾಗೆ ಮಾಡಿದ್ದು ನಾನು."

ನನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂದುಕೊಂಡೆ. ಕೌಶಲ್ ಲೋಟ ಹಿಡಿದ ಕೈಯನ್ನು ಬಾಯಿಗೆ ಒಯ್ಯದೆ ನಿಂತಿದ್ದ. ದ್ರೌಪದಿಬಾಯಿ ಮಾತ್ರ ಸುಮ್ಮನೆ ಬಿಸ್ಕಿಟಿನ ತಟ್ಟೆ ಮುಂದೆ ಸರಿಸಿದರು.

ರತ್ನಾವತಿ ೧೯೮೮ರಿಂದ ಹದಿನೇಳು ವರ್ಷ ಬೇಲಾಪುರದ ಒಂದು ಖಾಸಗಿ ಡ್ರಾಯಿಂಗ್ ಆಫೀಸಿನಲ್ಲಿ ಟ್ರೇಸರ್ ಆಗಿದ್ದರು. ಆ ಸಂಸ್ಥೆ ಈಗಿಲ್ಲ. ಸರ್ಕಾರಿ ಸರ್ವೆಯವರು ತಂದ ಮಾಸಿದ ನಕ್ಷೆಯ ಮೇಲೆ ಪಾರದರ್ಶಕ ಫಿಲ್ಮ್ ಹಾಸಿ, ಶಾಯಿಪೆನ್ನಿನಿಂದ ಅಚ್ಚುಕಟ್ಟಾಗಿ ಮರುಬರೆಯುವುದು ಕೆಲಸ. ಹೊಳೆ, ಹಳ್ಳ, ಗದ್ದೆಯ ಗಡಿ, ಮನೆಗೊಂದು ಪುಟ್ಟ ಚೌಕ, ಊರಿನ ಹೆಸರು. ಒಂದೇ ಒಂದು ಊರನ್ನೂ ಅವರು ಕಣ್ಣಾರೆ ಕಂಡಿರಲಿಲ್ಲ. ಡೊಂಬಿವಲಿಯಿಂದ ಬೇಲಾಪುರಕ್ಕೆ ಹೋಗುವುದು, ಬರುವುದು, ಅಷ್ಟರಲ್ಲೇ ದಿನ ಮುಗಿಯುತ್ತಿತ್ತು.

"ತೊಂಬತ್ನಾಲ್ಕನೇ ಇಸವಿ. ಹದಿನಾಲ್ಕನೇ ಹಾಳೆ. ಇಡೀ ವಾರ ಕೂತು ಮುಗಿಸಿದ್ದೆ," ಎಂದು ಅವರೇ ಹೇಳುತ್ತಾರೆ. "ಕೊನೇ ಚೌಕ ಹಾಕುವಾಗ ಪೆನ್ನಿಂದ ಶಾಯಿ ಬೊಳ್ಕಂತ ಬಿತ್ತು. ಬ್ಲೇಡಲ್ಲಿ ಹೆರೆದೆ. ಹೆರೆದೂ ಹೆರೆದೂ ಫಿಲ್ಮ್ ತೆಳ್ಳಗಾಗಿ ಹೋಯ್ತು. ಅದರ ಮೇಲೆ ಮತ್ತೆ ಬರೆದ್ರೆ ಹರೀತದೆ. ಹರಿದ್ರೆ ಇಡೀ ಹಾಳೆ ಹೊಸತು ಮಾಡ್ಬೇಕು. ಐದು ನಲವತ್ತರ ಲೋಕಲ್ ಹಿಡೀಬೇಕು, ಎರಡು ವರ್ಷದ ಮಗು ಪಕ್ಕದ ಮನೆಯಲ್ಲಿ ಉಂಟು. ಒಂದು ಚೌಕ ಅಲ್ವಾ ಅಂತ ಬಿಟ್ಟೆ. ಯಾರೂ ಕೇಳ್ಲಿಲ್ಲ. ನಾನೂ ಮರೆತೆ."

೨೦೦೫ರಲ್ಲಿ ಆ ಆಫೀಸಿನ ಕೆಲಸವೆಲ್ಲ ಕಂಪ್ಯೂಟರಿಗೆ ಹೋಯಿತು. ಟ್ರೇಸರುಗಳಿಗೆಲ್ಲ ಒಂದೇ ದಿನ ನಾಳೆಯಿಂದ ಬರಬೇಡಿ ಎಂದರು. ಕುಟುಂಬ ಕಲ್ಯಾಣಕ್ಕೆ ಮನೆ ಬದಲಿಸಿತು. ಗಂಡ ಜಯಶೀಲ ಮ್ಯಾನೇಜರ್ ಆಗಿದ್ದ ಹೋಟೆಲಿನ ಪಾರ್ಸೆಲ್ ಕೌಂಟರಿನಲ್ಲಿ ಇವರು ಏಳು ವರ್ಷ ನಿಂತರು. ಮೊಣಕಾಲು ಹಿಡಿಯಿತು. ನಿಲ್ಲುವುದಕ್ಕಿಂತ ಸೈಕಲ್ ಒಳ್ಳೆಯದು ಎಂದರಂತೆ ವೈದ್ಯರು. ಮಗಳು ಅಶ್ಮಿತಾಳ ಸೈಕಲ್ ಬಾಲ್ಕನಿಯಲ್ಲಿ ತುಕ್ಕು ಹಿಡಿಯುತ್ತಿತ್ತು. ನಲವತ್ತೆಂಟನೆಯ ವಯಸ್ಸಿನಲ್ಲಿ, ಸೊಸೈಟಿಯ ಮಕ್ಕಳು ನಗುತ್ತಿರುವಾಗ, ಮಗಳಿಂದಲೇ ಕಲಿತರು. ಎರಡು ಸಲ ಬಿದ್ದು ಮೊಣಕೈ ಕಿತ್ತುಕೊಂಡರು.

೨೦೧೨ರ ಚಳಿಗಾಲದ ಒಂದು ಬೆಳಿಗ್ಗೆ, ಊರ ಹೊರಗೆ ಸ್ವಲ್ಪ ದೂರ ಹೋಗಿ ಬರೋಣವೆಂದು ಹೊರಟವರು ಒಂದು ಫಲಕ ನೋಡಿ ನಿಂತುಬಿಟ್ಟರು. ನಿಂಬಾರೆ.

"ಈ ಹೆಸರು ನಾನು ಎಷ್ಟು ಸಲ ಬರೆದಿದ್ದೇನೆ ಗೊತ್ತುಂಟಾ? ಹೆಸರು ಮಾತ್ರ ಗೊತ್ತಿತ್ತು. ಅಲ್ಲಿ ಬಟ್ಟೆ ಒಣಗಿಸ್ತಾರೆ, ನಾಯಿ ಬೊಗಳ್ತದೆ ಅಂತೆಲ್ಲ ತಲೆಗೇ ಬಂದಿರ್ಲಿಲ್ಲ. ಇನ್ನು ಮುಂದೆ ಕೆರೆ ಬರ್ತದೆ ಅಂದ್ಕೊಂಡೆ, ಬಂತು. ಆಮೇಲೆ ಹಳ್ಳ ಎಡಕ್ಕೆ ತಿರುಗ್ತದೆ, ತಿರುಗಿತು. ಅಲ್ಲಿಂದ ಮುಂದೆ ಖಾಲಿ ಜಾಗ ಇರ್ಬೇಕು."

ಖಾಲಿ ಜಾಗವಿರಲಿಲ್ಲ. ಈ ವಾಡೆ ಇತ್ತು.

"ಬ್ರೇಕ್ ಹಿಡಿಯುದೇ ಮರ್ತು ಹೋಯ್ತು ಮಾರಾಯ್ರೆ. ಸೀದಾ ಹೋಗಿ ಅಗೋ, ಆ ಜಗಲಿಗೆ ಹೊಡೆದು ಬಿದ್ದೆ."

ಎತ್ತಿ ಕೂರಿಸಿ ನೀರು ಕೊಟ್ಟವರು ದ್ರೌಪದಿಬಾಯಿ. ಅಷ್ಟಾದರೆ ಅದೊಂದು ವಿಚಿತ್ರ ಸಂಗತಿಯಾಗಿ ಮುಗಿಯುತ್ತಿತ್ತೇನೋ. ಆದರೆ ಮೂರನೆಯ ಸಲ ಹೋದಾಗ ಮುದುಕಿ ಮಾತಿಗೆ ಮಾತು ಬಂದು ಉಳಿದದ್ದನ್ನೂ ಹೇಳಿದರು. ಮಾಡು ಕುಸಿಯುತ್ತಿತ್ತು. ರಿಪೇರಿಗೆ ಅನುಮತಿ ಕೇಳಿ ದ್ರೌಪದಿಬಾಯಿಯ ಗಂಡ ಹನ್ನೊಂದು ವರ್ಷ ಕಚೇರಿ ಅಲೆದರು. ಪ್ರತಿ ಸಲವೂ ಒಂದೇ ಉತ್ತರ: ದಾಖಲೆಯಲ್ಲಿ ಆ ಜಾಗದಲ್ಲಿ ಮನೆಯೇ ಇಲ್ಲ. ಹಾಳೆಯಿಂದ ಹಾಳೆಗೆ ನಕಲಾಗುತ್ತ, ಕೊನೆಗೆ ಕಂಪ್ಯೂಟರಿಗೂ ಹೋಗಿದ್ದ ಖಾಲಿ ಜಾಗವದು. ಕೊನೆಯ ಮಳೆಗಾಲದಲ್ಲಿ ಹೆಂಚು ಸರಿಮಾಡಲು ತಾವೇ ಹತ್ತಿದ ಆ ಹಿರಿಯರು ಜಾರಿ ಬಿದ್ದು ತೀರಿಕೊಂಡರು. ಆ ಹೊತ್ತಿಗೆ ಅದೇ ಖಾಲಿ ಜಾಗದ ಮೇಲೆ ಸರ್ಕಾರದ ಮೂವತ್ತು ಮೀಟರ್ ಅಗಲದ ಹೊಸ ರಸ್ತೆಯ ಗೆರೆ ಬಿದ್ದಿತ್ತು.

"ಮನೆ ಇಲ್ಲ ಅಂತಾರೆ. ಹಾಗಾದ್ರೆ ನಾನು ಮಲಗೋದು ಎಲ್ಲಿ ಅಂತ ಕೇಳಿದೆ," ಎಂದು ಮುದುಕಿ ನಕ್ಕಿದ್ದರಂತೆ.

ರತ್ನಾವತಿಗೆ ನಗು ಬರಲಿಲ್ಲ. ಮನೆಗೆ ಬಂದು ಗಂಡನಿಗೆ ಹೇಳಿದರು. ಜಯಶೀಲ ಕೆಟ್ಟ ಮನುಷ್ಯರಲ್ಲ, ಹೆದರಿದರು. "ಹೋದ ವಿಷಯ ಯಾಕೆ ಎಳೀತಿ? ನೀನೇ ಅಂತ ಯಾರಿಗೆ ಗೊತ್ತುಂಟು? ಕೇಸು ಗೀಸು ಆದ್ರೆ ಎಂತ ಮಾಡುದು?" ನಾಲ್ಕು ತಿಂಗಳು ರತ್ನಾವತಿ ಬಾಯಿ ಬಿಡಲಿಲ್ಲ. ಆದರೂ ಪ್ರತಿ ಭಾನುವಾರ ಹೋಗಿ ಆ ಮನೆಯ ಚಹಾ ಕುಡಿದು ಬಂದರು.

ಐದನೆಯ ತಿಂಗಳು ಹೇಳಿಯೇಬಿಟ್ಟರು. ದ್ರೌಪದಿಬಾಯಿ ಪೂರ್ತಿ ಕೇಳಿಸಿಕೊಂಡರು. ಎದ್ದು ಒಳಗೆ ಹೋಗಿ ಹೆಬ್ಬಾಗಿಲು ಮುಚ್ಚಿ ಅಗುಳಿ ಹಾಕಿಕೊಂಡರು.

ಮುಂದಿನ ನಾಲ್ಕು ಭಾನುವಾರ ರತ್ನಾವತಿ ಮುಚ್ಚಿದ ಬಾಗಿಲ ಮುಂದೆ ಸೈಕಲ್ ಹಿಡಿದು ಅರ್ಧ ಗಂಟೆ ನಿಂತು ವಾಪಸಾದರು. ಐದನೆಯ ಭಾನುವಾರ ಬಾಗಿಲು ತೆರೆಯಿತು. ಮುದುಕಿಯ ಕಂಕುಳಲ್ಲಿ ಗಂಡನ ಅರ್ಜಿಗಳ ಗಂಟು. "ನನಗೆ ಹೇಳಿದ್ದು ಸಾಕು," ಎಂದರು ಮರಾಠಿಯಲ್ಲಿ. "ಅವರಿಗೆ ಹೇಳು. ಬರ್ತೀಯಾ?"

೨೦೧೪ರಲ್ಲಿ ರಸ್ತೆಯ ಬಗ್ಗೆ ಆಕ್ಷೇಪಣೆ ಕೇಳುವ ಸಭೆ ನಡೆಯಿತು. ಸಭೆ ಎಂದರೆ ಒಂದು ಮೇಜು, ಒಬ್ಬ ಅಧಿಕಾರಿ, ಬೆಂಚಿನ ತುಂಬ ಊರಿನವರು. ರತ್ನಾವತಿ ಎದ್ದುನಿಂತು, ಈ ತಪ್ಪು ನನ್ನ ಕೈಯಿಂದ ಆದದ್ದು ಎಂದಾಗ ಅಧಿಕಾರಿ ಪೆನ್ನು ಕೆಳಗಿಟ್ಟರಂತೆ.

"ಬಾಯಿಮಾತಿನ ಮೇಲೆ ನಕ್ಷೆ ಬದಲಾಗೋದಿಲ್ಲ, ಅಮ್ಮ."

"ಆ ಫಿಲ್ಮ್ ತರಿಸಿ ಸಾಹೇಬ್ರೆ. ಹದಿನಾಲ್ಕನೇ ಹಾಳೆ. ಹಳ್ಳ ತಿರುಗುವಲ್ಲಿ ಬೆಳಕಿಗೆ ಹಿಡೀರಿ."

ದಾಖಲೆ ಕೋಣೆಯಿಂದ ಹುಡುಕಿ ತರಲು ಒಂದು ಗಂಟೆ ಹಿಡಿಯಿತು. ಇಬ್ಬರು ಗುಮಾಸ್ತರು ಹಾಳೆಯ ತುದಿ ಹಿಡಿದು ಕಿಟಕಿಗೆ ಒಡ್ಡಿದರು. ಉಳಿದ ಹಾಳೆಯೆಲ್ಲ ಹಾಲಿನ ಬಣ್ಣ. ಒಂದೇ ಕಡೆ ಉಗುರಿನಷ್ಟು ಜಾಗದಲ್ಲಿ ಬಿಸಿಲು ನೇರವಾಗಿ ಇಳಿದುಬಂತು. ಶಾಯಿ ಹೋಗಿತ್ತು. ಪೆನ್ನು ಒತ್ತಿದ ಗೀರು ಹೋಗಿರಲಿಲ್ಲ. ಚೌಕದ ಮೂರು ಬದಿ ಹಾಗೇ ಇದ್ದವು.

ದ್ರೌಪದಿಬಾಯಿ ಬೆಂಚಿನಿಂದ ಎದ್ದು, ಕಿಟಕಿಯ ಹತ್ತಿರ ಬಂದು, ಆ ಬೆಳಕಿನ ಚೂರನ್ನು ಬೆರಳಿನಿಂದ ಮುಟ್ಟಿ ಕೇಳಿದರಂತೆ: "ಇಷ್ಟಕ್ಕೇನಾ?"

"ಅವರು ಹೊಡೆದಿದ್ರೂ ನನಗೆ ಅಷ್ಟು ಆಗ್ತಿರ್ಲಿಲ್ಲ," ಎನ್ನುತ್ತಾರೆ ರತ್ನಾವತಿ.

ಹೊಸ ಸರ್ವೆಗೆ ಆದೇಶವಾಯಿತು. ಎರಡು ವರ್ಷದ ಮೇಲೆ ವಾಡೆ ನಕ್ಷೆಗೆ ಬಂತು, ರಸ್ತೆಯ ಗೆರೆ ಹಳ್ಳದ ಆಚೆಗೆ ಸರಿಯಿತು, ರಿಪೇರಿಗೆ ಅನುಮತಿ ಸಿಕ್ಕಿತು. ಅರ್ಧ ಮಾಡಿಗೆ ಹೆಂಚು ಹೊದಿಸುವಷ್ಟರಲ್ಲಿ ಮುದುಕಿಯ ಕೈ ಖಾಲಿಯಾಯಿತು. ಹಳೆಯ ಸಹೋದ್ಯೋಗಿಗಳಲ್ಲಿ ಹೆಚ್ಚಿನವರು ರತ್ನಾವತಿಯೊಂದಿಗೆ ಮಾತು ಬಿಟ್ಟರು. ಎಲ್ಲರ ಕೆಲಸಕ್ಕೂ ಮಸಿ ಬಳಿದೆ ಎಂದು ಒಬ್ಬರು ಫೋನಿನಲ್ಲಿ ಬೈದರು. ಜಯಶೀಲರು ಮಾತ್ರ ಸಭೆಯ ಮರುದಿನವೇ ಸೈಕಲ್ಲಿಗೆ ಹೊಸ ಬ್ರೇಕ್ ಹಾಕಿಸಿ ತಂದರು.

ಸವಾರಿ ಶುರುವಾದದ್ದು ದ್ರೌಪದಿಬಾಯಿಯ ಅಪ್ಪಣೆಯಿಂದ. ಸರ್ವೆಯವರಿಗಾಗಿ ಕಾಯುತ್ತಿದ್ದ ದಿನಗಳಲ್ಲಿ ಒಮ್ಮೆ ಅವರು ಹೇಳಿದರಂತೆ: "ನಿನ್ನಿಂದ ನಾವು ಯಾರ ಕಣ್ಣಿಗೂ ಬೀಳದ ಹಾಗಾಯ್ತು. ಈಗ ನಾಲ್ಕು ಜನರನ್ನು ಕರ್ಕೊಂಡು ಬಂದು ತೋರಿಸು." ಮೊದಲ ವಾರ ಬಂದದ್ದು ಇಬ್ಬರು: ಅಶ್ಮಿತಾ ಮತ್ತು ಅವಳ ಗೆಳತಿ. ಕಾರಿನಲ್ಲಿ ಬಂದರೆ ಜನ ಕಿಟಕಿಯಿಂದಲೇ ಫೋಟೋ ಹೊಡೆದು ಹೋಗುತ್ತಾರೆ, ಅದಕ್ಕೇ ಸೈಕಲ್ಲು ಎನ್ನುತ್ತಾರೆ ರತ್ನಾವತಿ.

ಕ್ಷಮಿಸಿದಿರಾ ಎಂದು ನಾನು ದ್ರೌಪದಿಬಾಯಿಯನ್ನು ಕೇಳಿದೆ. ಕೇಳಬಾರದಿತ್ತು. ಅವರು ಖಾಲಿ ಲೋಟಗಳನ್ನು ಒಂದರೊಳಗೊಂದು ಸೇರಿಸುತ್ತ, "ಅದು ಬೇರೆ. ಅವಳು ಭಾನುವಾರ ಬರದಿದ್ದರೆ ನನಗೆ ಹೊತ್ತು ಹೋಗೋದಿಲ್ಲ. ಇದು ಬೇರೆ," ಎಂದರು.

ನಾಲ್ಕನೆಯ ಊರನ್ನೂ ನೋಡಿಕೊಂಡು ಹಿಂತಿರುಗುತ್ತೇವೆ. ಕೌಶಲ್ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡಿದ್ದಾನೆ. ಗದ್ದೆಯ ನಡುವಿನ ಒಂಟಿ ಮನೆ ಕಂಡಾಗಲೆಲ್ಲ ಇದು ಎಲ್ಲಾದರೂ ದಾಖಲಾಗಿದೆಯೋ ಇಲ್ಲವೋ ಎಂದು ನನಗೆ ದಿಗಿಲಾಗುತ್ತದೆ.

ಕಲ್ಯಾಣ ಮುಟ್ಟಿ, ಸೈಕಲ್ಲುಗಳ ಕೆಸರು ಒರೆಸುತ್ತಿದ್ದ ರತ್ನಾವತಿಯನ್ನು ಕೇಳಿದೆ, ಇನ್ನೇನು ಆಸೆಯಿದೆ ಎಂದು. ಚಿಂದಿಬಟ್ಟೆಯನ್ನು ಹ್ಯಾಂಡಲಿಗೆ ಸಿಕ್ಕಿಸಿದರು.

"ನಾನು ಹೆಸರು ಬರೆದ ಊರು ನಲವತ್ತೊಂದು. ಇಷ್ಟು ವರ್ಷದಲ್ಲಿ ಮೂವತ್ನಾಲ್ಕು ನೋಡಿ ಆಯ್ತು. ಇನ್ನು ಏಳು ಉಂಟು, ದೂರ. ಮೊಣಕಾಲು ಸರಿ ಇರುವಾಗ್ಲೇ ಒಬ್ಬಳೇ ಹೋಗಿ ಬರ್ಬೇಕು ಅಂತ. ಅಲ್ಲಿ ಯಾರನ್ನು ಬಿಟ್ಟಿದ್ದೇನೋ, ನೋಡ್ಬೇಕಲ್ಲ."