ಹೊಳೆಯಾಚೆಯ ಕೆಂಪು ಗೆರೆ

ಅರಣ್ಯ ಕಚೇರಿಯ ನಕ್ಷೆ ಕೋಣೆಯಲ್ಲಿ ಕೂತು ಕೂತು ಬೆನ್ನು ಬಾಗಿಸಿಕೊಂಡಿದ್ದ ಆ ಮನುಷ್ಯನನ್ನು ಎಲ್ಲರೂ ಗೆರೆಯಪ್ಪ ಎನ್ನುತ್ತಿದ್ದರು. ಸಿಟ್ಟು ಬಂದಾಗ ಹೆಂಡತಿಯೂ ಹಾಗೆಯೇ ಕರೆಯುತ್ತಿದ್ದಳು. ಸಿಟ್ಟು ಆಗಾಗ ಬರುತ್ತಿದ್ದುದರಿಂದ ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ವರ್ಷಕ್ಕೊಮ್ಮೆ ಗೋಡೆಯ ದೊಡ್ಡ ಹಾಳೆಯ ಮೇಲೆ ಎರಡು ಗೆರೆಗಳನ್ನು ಒಂದೊಂದು ಬೆರಳು ಮುಂದಕ್ಕೆ ಎಳೆಯುವುದು ಅವನ ಕೆಲಸ. ಹಸಿರು ಗೆರೆ ಈ ದೇಶದ್ದು, ಕೆಂಪು ಗೆರೆ ಹೊಳೆಯಾಚೆಯ ದೇಶದ್ದು. ಯಾರೂ ನೆಡದೆ, ನೀರು ಹೊಯ್ಯದೆ, ತಾನಾಗಿಯೇ ಹುಟ್ಟಿ ಬೆಳೆದ ಕಾಡು ಯಾವ ದೇಶದಲ್ಲಿ ಎಷ್ಟಿದೆ ಎಂಬ ಲೆಕ್ಕ ಅದು; ಕಾಡು ಹೆಚ್ಚಿದರೆ ಗೆರೆ ಏರಬೇಕು, ಕಮ್ಮಿಯಾದರೆ ಇಳಿಯಬೇಕು. ಅವನು ಕೆಲಸಕ್ಕೆ ಸೇರಿದಾಗ ಹಸಿರು ಮೇಲಿತ್ತು. ಅವನ ತಲೆಗೂದಲು ಉದುರುತ್ತ ಬಂದ ಹಾಗೆ ಅದೂ ಇಳಿಯಿತು. ಮಗಳ ಮದುವೆಯಾದ ವರ್ಷ ಕೆಂಪು ಅದನ್ನು ದಾಟಿ ಮೇಲೆ ಹೋಯಿತು.

ಆಚೆಯವರು ಮಾಡಿದ್ದೇನು? ಏನೂ ಇಲ್ಲ. ಜನ ಹೊಲ ಬಿಟ್ಟು ಪಟ್ಟಣ ಸೇರಿದರು, ಪಾಳುಬಿದ್ದ ನೆಲದಲ್ಲಿ ಮರ ಎದ್ದವು. ಈಚೆಯವರು ಹಾಗೆ ಕೈಕಟ್ಟಿ ಕೂರುವ ಪೈಕಿಯಲ್ಲ. ಗೆರೆ ಇಳಿದಾಗಲೆಲ್ಲ ಗಾಬರಿಬಿದ್ದು ಸಸಿ ನೆಡುತ್ತಿದ್ದರು. ನೆಡಲು ಜಾಗ ಬೇಕಲ್ಲ? ತಾನಾಗಿ ಬೆಳೆದದ್ದನ್ನು ಸವರಿ, ಗುಂಡಿ ತೋಡಿ, ಸಾಲಾಗಿ ನೆಡುತ್ತಿದ್ದರು. ನೆಟ್ಟ ಕಾಡು ಈ ಲೆಕ್ಕಕ್ಕೆ ಬಾರದು. ಗೆರೆ ಮತ್ತೆ ಇಳಿಯುತ್ತಿತ್ತು. ಮತ್ತೆ ಗಾಬರಿ, ಮತ್ತೆ ಸಸಿ.

ಈ ಸಲದ ಸರದಿ ಹೊಳೆದಂಡೆಯ ಹಳೆಯ ಇಟ್ಟಿಗೆ ಗೂಡಿನ ಹಿಂದಿನ ಕಾಡಿನದು. ಗೂಡು ಮುಚ್ಚಿದಾಗ ಅಲ್ಲಿ ಬರೀ ಬೂದಿ ಇತ್ತು. ಗೆರೆಯಪ್ಪ ವರ್ಷ ವರ್ಷ ಅಳತೆಗೆ ಹೋದಂತೆಲ್ಲ ಗಿಡಗಳು ಅವನ ಮೊಣಕಾಲು, ಸೊಂಟ, ಹೆಗಲು ದಾಟಿ, ಈಗ ಬೋಳುನೆತ್ತಿಗೆ ನೆರಳು ಹಿಡಿಯುತ್ತಿದ್ದವು. ಭಾನುವಾರ ಹೆಂಡತಿಯೊಂದಿಗೆ ಹೋಗಿ ಒಂದು ಮರದಡಿ ಕೂರುತ್ತಿದ್ದ. ಜೀವನದಲ್ಲಿ ತಾನು ಕೈಹಾಕಿ ಕೆಡಿಸದೆ ಬಿಟ್ಟದ್ದು ಅದೊಂದೇ ಎಂದು ಅವನಿಗೆ ಒಳಗೊಳಗೇ ಹೆಮ್ಮೆ.

"ಅದನ್ನೇ ಸವರಿಸ್ಬೇಕಾ ಸಾರ್?" ಎಂದು ದೊಡ್ಡ ಸಾಹೇಬರನ್ನು ಕೇಳಿದ.

"ಮಂತ್ರಿಗಳು ಬರ್ತಿದಾರೆ. ಕಾರು ಹೋಗೋ ಜಾಗ ಅದೊಂದೇ."

"ಬಿಟ್ರೆ ತಾನೇ ಬೆಳೆಯುತ್ತೆ ಸಾರ್. ಗೆರೆನೂ ಏರುತ್ತೆ."

ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ನನಗೂ ಗೊತ್ತಪ್ಪ. ನನ್ನ ಮೇಲಿನವರಿಗೂ ಗೊತ್ತು. ಈ ವರ್ಷ ಏನ್ರೀ ಮಾಡಿದ್ರಿ ಅಂತ ಕೇಳಿದ್ರೆ, ಸುಮ್ನೆ ಕೂತಿದ್ವಿ ಸ್ವಾಮಿ ಅನ್ನೋಕಾಗುತ್ತಾ? ನೀನು ಹೋಗಿ ಹೇಳ್ತೀಯಾ?"

ಗೆರೆಯಪ್ಪ ಹೇಳುವವನೇ? ಊಟಕ್ಕೆ ಉಪ್ಪು ಕಮ್ಮಿಯಾದರೆ ಅದನ್ನೂ ಪಕ್ಕದ ಮನೆಯವರ ಬಾಯಲ್ಲಿ ಹೇಳಿಸುವ ಗಂಡಸು. ಸಾಹೇಬರು ಕೇಳಿದ ಕೂಡಲೇ ಆ ಜಾಗದ ನಕ್ಷೆ ಬರೆದುಕೊಟ್ಟ. ಗೆರೆಗಳು ನೇರವಾಗಿವೆ ಎಂದು ಹೊಗಳಿಸಿಕೊಂಡೂ ಬಂದ.

ಸಸಿ ನೆಡುವ ದಿನ ಬಿಸಿಲು ಚುರುಗುಟ್ಟುತ್ತಿತ್ತು. ಮರ ಕಡಿದಾಗಿತ್ತಲ್ಲ, ನೆರಳಿಗೆಂದು ಶಾಮಿಯಾನ ಹಾಕಿಸಿದ್ದರು. ಮಂತ್ರಿಗಳು ನೆಟ್ಟ ಸಸಿಗೆ ಗೆರೆಯಪ್ಪನೇ ಕೊಡ ಹೊತ್ತು ನೀರು ಹೊಯ್ದ.

"ರೀ, ನಾವು ಕೂರ್ತಿದ್ದ ಮರ ಎಲ್ಲಿತ್ತು?" ನೋಡಲು ಬಂದಿದ್ದ ಹೆಂಡತಿ ಕೇಳಿದಳು.

ಅವನು ಸುತ್ತ ನೋಡಿದ. ನಕ್ಷೆ ಬರೆದವನಿಗೇ ಗುರುತು ಹತ್ತಲಿಲ್ಲ. "ಶಾಮಿಯಾನದ ಕಂಬ ಇದೆಯಲ್ಲ, ಅಲ್ಲೇ ಇರಬೇಕು ಕಣೇ."

"ಇರಬೇಕಂತೆ! ಬಾಯಿಬಿಟ್ಟು ಒಂದು ಮಾತು ಹೇಳೋಕಾಗ್ಲಿಲ್ವಾ?"

"ಸಾಹೇಬರಿಗೆ ಹೇಳ್ದೆ."

"ಏನಂದ್ರು?"

"ನನಗೂ ಗೊತ್ತು ಅಂದ್ರು."

ಅವಳಿಗೆ ಗೆರೆಯಪ್ಪ ಎಂದು ಬೈಯಲೂ ತೋಚಲಿಲ್ಲ. ಹೊಳೆಯಾಚೆ ಕಾವಲುಗಾರನೊಬ್ಬ ಮರದಡಿ ಬಾಯಿ ತೆರೆದು ಮಲಗಿದ್ದ. ಅವನ ದೇಶದ ಗೆರೆ ಏರುತ್ತಲೇ ಇತ್ತು.

ವರ್ಷದ ಕೊನೆಗೆ ಗೆರೆಯಪ್ಪ ಹಸಿರು ಪೆನ್ನು ಹಿಡಿದು ಏಣಿ ಹತ್ತಿದ. ಈಗೀಗ ಏಣಿಯ ಕೆಳಗಿನ ಮೆಟ್ಟಿಲೇ ಸಾಕಾಗುತ್ತಿತ್ತು.

"ಇಳೀತಾ?" ಬಾಗಿಲಲ್ಲಿ ನಿಂತು ಸಾಹೇಬರು ಕೇಳಿದರು.

"ಕೂದಲೆಳೆಯಷ್ಟು ಸಾರ್."

"ಛೆ. ಹಾಗಿದ್ರೆ ಇನ್ನೊಂದು ಕಡೆ ನೆಡಬೇಕಾಗುತ್ತೆ. ಒಳ್ಳೆ ಜಾಗ ನೋಡಪ್ಪ. ಈ ಸಲ ಕಾರು ಹೋಗದಿದ್ರೂ ಪರವಾಗಿಲ್ಲ, ರಸ್ತೆ ಮಾಡಿಸೋಣ."

"ಆಯ್ತು ಸಾರ್," ಎಂದು ಗೆರೆಯಪ್ಪ ಪೆನ್ನಿನ ಮುಚ್ಚಳ ಹಾಕಿ, ಕಾಡಿನ ನಕ್ಷೆ ತರಲು ಕಪಾಟಿನ ಕಡೆ ನಡೆದ.